ನಾಲ್ಕನೇ ಕೋಷ್ಟಕ

ನಮ್ಮಕ್ಕ ಮೊದಲೇ ಕೂತಲ್ಲಿ ಕೂರುವವಳಲ್ಲ. ಆ ಲೇಖನದ ಗೀಳು ಹತ್ತಿದ ಮೇಲಂತೂ ಕಾಲು ಸುಟ್ಟ ಬೆಕ್ಕಿನಂತಾದಳು. ಒಲೆಯ ಮೇಲೆ ಹಾಲಿಡುವಳು, ಕಂಪ್ಯೂಟರ್ ಮುಂದೆ ಎರಡು ಸಾಲು ಹೊಡೆಯುವಳು, ಎರಡನ್ನೂ ಅಳಿಸಿ ವರಾಂಡದಲ್ಲಿ ಶತಪಥ ಹಾಕುವಳು. ಉಕ್ಕಿದ ಹಾಲು ಒರೆಸುವವಳು ನಾನು. ಬಟ್ಟೆ ಹೊಲಿಯುವ ತಂಗಿ ಮನೆಯಲ್ಲೇ ಇರುತ್ತಾಳಲ್ಲ, ಅವಳಿಗೇನು ಕೆಲಸ!

ಇಪ್ಪತ್ತು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವಳನ್ನು ಆಸ್ಪತ್ರೆಯವರು ತಮ್ಮ ನರ್ಸಿಂಗ್ ಕಾಲೇಜಿಗೆ ಟ್ಯೂಟರ್ ಮಾಡಿದ್ದರು. ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣ. ಆದರೆ ಷರತ್ತೊಂದಿತ್ತು: ಮೂರು ವರ್ಷದೊಳಗೆ ಇಂಗ್ಲಿಷ್ ಜರ್ನಲ್ಲಿನಲ್ಲಿ ಸಂಶೋಧನಾ ಲೇಖನ ಬರಬೇಕು, ಇಲ್ಲದಿದ್ದರೆ ಮರಳಿ ವಾರ್ಡಿಗೆ.

ವಿಷಯಕ್ಕೆ ಬರವಿರಲಿಲ್ಲ. ರೋಗಿಯ ಜೊತೆಗಿರುವ ಮನೆಯವರು ಕೈ ತೊಳೆಯುತ್ತಾರೋ ಇಲ್ಲವೋ ಎಂದು ಎರಡು ವಾರ್ಡುಗಳಲ್ಲಿ ಒಂದು ವರ್ಷ ನಿಂತು ಎಣಿಸಿದಳು. ಒಂದರಲ್ಲಿ ಬೇಸಿನ್ ಬಾಗಿಲ ಪಕ್ಕ, ಇನ್ನೊಂದರಲ್ಲಿ ಕೊನೆಯ ಮಂಚದ ಹಿಂದೆ. ಕೈ ತೊಳೆಯಿರಿ ಎಂಬ ಪೋಸ್ಟರ್ ಎರಡರಲ್ಲೂ ಇತ್ತು. ಬಾಗಿಲ ಪಕ್ಕ ಹತ್ತರಲ್ಲಿ ಏಳು ಮಂದಿ ತೊಳೆದರು, ಮಂಚದ ಹಿಂದೆ ಇಬ್ಬರು. ಶಾಲೆ ಕಲಿತವರೂ ಅಷ್ಟೇ, ಕಲಿಯದವರೂ ಅಷ್ಟೇ. ಅದೇ ಅವಳ ಲೇಖನದ ನಾಲ್ಕನೇ ಕೋಷ್ಟಕ. ಜನಕ್ಕೆ ಬುದ್ಧಿ ಹೇಳಬೇಡಿ, ಬೇಸಿನ್ ಸರಿಸಿ ಎಂಬುದು ಅದರ ಸಾರ.

ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಮಾತ್ರ ಕಬ್ಬಿಣದ ಕಡಲೆಯಾಯಿತು. ಮೊದಲ ಜರ್ನಲ್ ಎರಡೇ ದಿನಕ್ಕೆ ವಾಪಸ್ ಕಳಿಸಿತು. ಕಳಿಸದೆ ಇನ್ನೇನು? ಶುಚಿತ್ವದ ಮಹಿಮೆಯ ಬಗ್ಗೆ ಮೂರು ಪುಟ ಪೀಠಿಕೆ ಹಾಕಿ, ತಾನು ಕಂಡದ್ದನ್ನು ಹನ್ನೊಂದನೇ ಪುಟದಲ್ಲಿ ಬಚ್ಚಿಟ್ಟಿದ್ದಳು. ಆಮೇಲೆ ಬೇರೆಯವರ ಲೇಖನಗಳನ್ನು ಓದಿ, ಅವರು ಮಾತು ಹೇಗೆ ಎತ್ತುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಂಡದ್ದನ್ನು ಮೊದಲ ಪುಟದಲ್ಲೇ ಹೇಳುವುದನ್ನು ಕಲಿತಳು. ಎರಡನೇ ಜರ್ನಲ್ ಲೇಖನವನ್ನು ಒಬ್ಬ ರಿವ್ಯೂಯರ್‌ಗೆ ಕಳಿಸಿತು. ರಿವ್ಯೂಯರ್ ಅಂದರೆ ಹೆಸರು ಹೇಳದೆ ತಪ್ಪು ಹುಡುಕುವ ತಜ್ಞ. ಹೆಸರಿಲ್ಲ, ಮುಖವಿಲ್ಲ, ಆದರೂ ಅಕ್ಕನ ಬಾಯಲ್ಲಿ ಅವರು ಸರ್.

ಸರ್ ಹದಿನಾಲ್ಕು ಆಕ್ಷೇಪ ಎತ್ತಿದ್ದರು. ದೊಡ್ಡವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ವಂಶ ನಮ್ಮದು. ಅಕ್ಕ ಹದಿನಾಲ್ಕಕ್ಕೂ ತಾವು ಹೇಳಿದ್ದೇ ಸರಿ ಎಂದು ಬರೆದಳು. ಕೊನೆಯದು ಏನಿತ್ತು ಗೊತ್ತೇ? ಕೈ ತೊಳೆಯದಿರಲು ಜನರ ಅರಿವಿನ ಕೊರತೆಯೇ ಕಾರಣ, ಬೇಸಿನ್ ಅಲ್ಲ ಎಂದು. ಅದಕ್ಕೂ ತಲೆಯಾಡಿಸಿ, ತೀರ್ಮಾನವನ್ನೇ ತಿದ್ದಿ ಕಳಿಸಿಬಿಟ್ಟಳು.

ಸಂಪಾದಕರ ಉತ್ತರ ಬಂತು: ನಿಮ್ಮ ನಾಲ್ಕನೇ ಕೋಷ್ಟಕ ಒಂದು ಹೇಳುತ್ತಿದೆ, ತೀರ್ಮಾನ ಇನ್ನೊಂದು. ಯಾವುದನ್ನು ಉಳಿಸುತ್ತೀರಿ?

ಗಡುವಿಗೆ ಒಂದು ತಿಂಗಳಿತ್ತು. ವಿಷಯ ತಿಳಿದ ಪ್ರಿನ್ಸಿಪಾಲ್ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಫೋನ್ ಮಾಡಿದರು. "ಆ ನಾಲ್ಕನೇ ಟೇಬಲ್ ತೆಗೆದುಹಾಕಿ ಸಿಸ್ಟರ್. ಲೇಖನ ಇದೇ ತಿಂಗಳು ಬರುತ್ತೆ, ಕೆಲಸ ಉಳಿಯುತ್ತೆ. ವಾದಕ್ಕೆ ಇಳಿದರೆ ಇನ್ನೊಂದು ಸುತ್ತು ಹೋಗುತ್ತೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

ಅಕ್ಕ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ನನಗೆ ರೇಗಿಹೋಯಿತು, ಹೊಲಿಗೆ ನಿಲ್ಲಿಸಿದೆ.

"ಅಲ್ಲಕ್ಕ, ಒಂದು ವರ್ಷ ಎಣಿಸಿದ್ದು ಸುಳ್ಳಾ?"

"ಸುಳ್ಳು ಯಾಕಾಗುತ್ತೆ?"

"ಮತ್ತೆ?"

"ಅವರು ತಿಳಿದವರು ಕಣೇ. ನಾನು ಹೇಗೆ ಎದುರು ಮಾತಾಡಲಿ?"

"ವಾರ್ಡಲ್ಲಿ ಅವರು ನಿಂತಿದ್ರಾ, ನೀನು ನಿಂತಿದ್ಯಾ?"

ಅಕ್ಕ ಹೋಗಿ ಕಂಪ್ಯೂಟರ್ ಮುಂದೆ ಕೂತಳು, ಮಧ್ಯಾಹ್ನದವರೆಗೂ ಏಳಲಿಲ್ಲ. ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು: ರಿವ್ಯೂಯರ್ ಬಗ್ಗೆ ನನಗೆ ಗೌರವವಿದೆ, ಆದರೆ ಅವರ ಹದಿನಾಲ್ಕನೇ ಮಾತನ್ನು ನಾನು ಒಪ್ಪುವುದಿಲ್ಲ, ಮೊದಲು ಒಪ್ಪಿದ್ದು ನನ್ನ ತಪ್ಪು. ಕೆಳಗೆ ಎರಡು ಪುಟ ಲೆಕ್ಕ ಕೊಟ್ಟಿದ್ದಳು.

ಮೇಡಂ ಹೇಳಿದಂತೆಯೇ ಆಯಿತು. ಲೇಖನ ಇನ್ನೊಂದು ಸುತ್ತು ಹೋಯಿತು, ಗಡುವು ಮುಗಿಯಿತು, ಅಕ್ಕ ವಾರ್ಡಿಗೆ ಮರಳಿದಳು. ನಾಲ್ಕು ತಿಂಗಳ ಮೇಲೆ ಒಪ್ಪಿಗೆ ಬಂತು. ಸರ್ ಕೂಡ ಒಪ್ಪಿದ್ದರು. ಒಂದು ಬೆಳಿಗ್ಗೆ ಜರ್ನಲ್ಲಿನವರು, ಅಚ್ಚಿಗೆ ಮುಂಚೆ ಕಡೆಯ ಸಲ ನೋಡಿಕೊಡಿ ಎಂದು ಪುಟಗಳನ್ನು ಕಳಿಸಿದರು. ಅಕ್ಕ ಯೂನಿಫಾರ್ಮಿನಲ್ಲೇ ಓದಲು ಕೂತಳು. ಅವಳ ಹೆಸರಿನ ಕೆಳಗೆ ನರ್ಸಿಂಗ್ ಟ್ಯೂಟರ್ ಎಂದಿತ್ತು.

"ಇರಲಿ ಬಿಡಕ್ಕ," ಅಂದೆ. "ಬರೆದಾಗ ಟ್ಯೂಟರ್ ಆಗಿದ್ದೆಯಲ್ಲ. ಯಾರು ಬಂದು ಕೇಳ್ತಾರೆ?"

"ಈಗ ಅಲ್ಲವಲ್ಲೇ," ಅಂದಳು. ಆ ಪದ ಅಳಿಸಿ ಸ್ಟಾಫ್ ನರ್ಸ್ ಎಂದು ಹೊಡೆದಳು. ನನಗೆ ತಡೆಯಲಾಗಲಿಲ್ಲ, ಒಳಗೆ ಹೋಗಿ ಅತ್ತೆ. ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಅದನ್ನು ಕಳಿಸಿ, ಅಕ್ಕ ಡ್ಯೂಟಿಗೆ ಹೋಗಿಯಾಗಿತ್ತು.