ಮುನಿಲಕ್ಷ್ಮಮ್ಮನ ಸೊಗಡವರೆ

ಔಷಧಿ ಅಂಗಡಿಯಲ್ಲಿ ನಿಂತು ನಾನು ಕೇಳಿದ್ದು ಒಂದೇ ಪ್ರಶ್ನೆ. ಕಳೆನಾಶಕ ಹೊಡೆದರೆ ರಾಗಿಗೆ ಏನೂ ಆಗುವುದಿಲ್ಲ ತಾನೆ, ಎಂದು. ಆಗುವುದಿಲ್ಲ ಎಂದ ಅಂಗಡಿಯವನು. ಅವನು ಸುಳ್ಳು ಹೇಳಲಿಲ್ಲ, ಪಾಪ.

ಹೊಲ ನಮ್ಮಣ್ಣ ಗೋಪಾಲಪ್ಪನದೂ ನನ್ನದೂ ಸೇರಿ ಎರಡು ಎಕರೆ. ಆದರೆ ಯಜಮಾನಿಕೆಯೆಲ್ಲ ಅತ್ತಿಗೆ ಮುನಿಲಕ್ಷ್ಮಮ್ಮನದು. ರಾಜಘಟ್ಟದಿಂದ ಮದುವೆಯಾಗಿ ಬರುವಾಗ ಅವರ ತಾಯಿ ಮಡಿಲಿಗೆ ಹಾಕಿ ಕಳಿಸಿದ್ದು ಒಂದು ಸೇರು ಸೊಗಡವರೆ ಬೀಜ. ಮೂವತ್ತೆರಡು ವರ್ಷ ಅದನ್ನೇ ರಾಗಿಯ ನಡುನಡುವೆ ಅಕ್ಕಡಿ ಸಾಲು ಹಿಡಿದು ಬಿತ್ತಿದರು, ಬೂದಿ ಬೆರೆಸಿ ಮಡಕೆಯಲ್ಲಿ ಎತ್ತಿಟ್ಟರು. ಈಗ ಅಂಗಡಿಯಲ್ಲಿ ಹನ್ನೆರಡು ತಿಂಗಳೂ ಅವರೆ ಸಿಗುತ್ತದೆ, ಸುಲಿದು ಪ್ಯಾಕೆಟ್ ಕಟ್ಟಿದ್ದು. ಸೊಗಡೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ನಮ್ಮ ಮನೆಯಲ್ಲಿ ಬೇಯಿಸಿದರೆ ಬೀದಿಯವರು ಬಟ್ಟಲು ಹಿಡಿದೇ ಬರುತ್ತಿದ್ದರು. ಬೀಜ ಕೇಳಿದವರಿಗೂ ಅತ್ತಿಗೆ ಇಲ್ಲವೆಂದವರಲ್ಲ. ಒಂದು ಪಾವು ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಪಾವು ತಂದುಕೊಡಬೇಕು, ಅಷ್ಟೇ ಕಟ್ಟಳೆ.

ಹೋದ ವರ್ಷ ಮಡಕೆಗೆ ಹುಳ ಬಿತ್ತು. ಆರಿಸಿ ಉಳಿದಷ್ಟನ್ನೂ ಅತ್ತಿಗೆ ಬಿತ್ತಿಬಿಟ್ಟರು. ಪೈರು ಚೆನ್ನಾಗಿ ಬಂತು, ಕಳೆಯೂ ಬಂತು. ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಈಗ ಬೆಳಗ್ಗೆ ಸೋಂಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಅವರದೇನೂ ತಪ್ಪಿಲ್ಲ. ಅತ್ತಿಗೆಯೊಬ್ಬರೇ ಕುಕ್ಕರುಗಾಲಲ್ಲಿ ಕೂತು ಕೀಳುತ್ತಿದ್ದರು. ಅಷ್ಟರಲ್ಲಿ ಮಗಳು ದಿವ್ಯಳ ಕೂಸಿನ ನಾಮಕರಣವೆಂದು ಅಣ್ಣನೂ ಅವರೂ ಮೂರು ದಿನ ದೊಡ್ಡಬಳ್ಳಾಪುರಕ್ಕೆ ಹೋದರು. ಬರುವಷ್ಟರಲ್ಲಿ ಕೆಲಸ ಮುಗಿಸಿ ಅವರ ಸೊಂಟಕ್ಕೆ ಬಿಡುವು ಕೊಡೋಣವೆಂದು ನಾನು ಔಷಧಿ ಹೊಡೆದೆ. ಭೇಷ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಯಾಕೆ.

ಆ ಔಷಧಿ ಹುಲ್ಲು ಜಾತಿಯ ರಾಗಿಯನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಕೊಲ್ಲುತ್ತದೆ. ಅವರೆಯ ಎಲೆ ಅಗಲವಲ್ಲವೇ? ಮುಠ್ಠಾಳನಿಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತಿಗೆ ಬಂದು ನೋಡುವಾಗ ಅವರೆ ಸಾಲುಗಳು ಕುಡಿ ಸುರುಟಿಕೊಂಡು ನೆಲ ಹಿಡಿದಿದ್ದವು. ಅವರು ಸಾಲುಗಳ ಉದ್ದಕ್ಕೂ ನಡೆದು, ಬದುಕಿದ್ದು ಒಂದಾದರೂ ಇದೆಯೇ ಎಂದು ಬಗ್ಗಿ ಬಗ್ಗಿ ನೋಡಿದರು. ಒಂದೂ ಇರಲಿಲ್ಲ.

ಬೈಕು ಹತ್ತಿ, ಬೀಜ ಒಯ್ದಿದ್ದ ಮನೆಗಳಿಗೆಲ್ಲ ಹೋದೆ. ರಾಜಘಟ್ಟಕ್ಕೂ ಹೋದೆ. ಅವರ ತವರಿನ ಹೊಲದಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಮಿಕ್ಕವರೆಲ್ಲ ಬಿತ್ತುವುದು ಪ್ಯಾಕೆಟ್ ಬೀಜ. ಅತ್ತಿಗೆಯಿಂದ ನಾಲ್ಕು ಸಲ ಬೀಜ ಒಯ್ದಿದ್ದ ಅಪ್ಪಯ್ಯಣ್ಣನೇ ನನ್ನ ಕೊನೆಯ ಆಸೆ. ಅವನು ತಲೆ ಕೆರೆದುಕೊಂಡ.

"ನಿಮ್ಮತ್ಗೆ ಹತ್ರ ಇದ್ದೇ ಇರ್ತದಲ್ಲ ಅಂತ ನಾವ್ಯಾರೂ ಇಟ್ಕೊಳ್ಲಿಲ್ಲ ಕಣಪ್ಪ ಕೆಂಪರಾಜು."

ಈ ಮಾತನ್ನು ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಹೇಳಬಾರದಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಅಮ್ಮನಿಗೆ ಏನಂತ ಹೇಳಲಿ ಎಂದರು. ಅವರ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿದೆ.

ಈ ವರ್ಷ ಮಳೆ ಬಿದ್ದ ಮೇಲೆ ಅಕ್ಕಡಿಗೆ ಏನು ಹಾಕೋಣವೆಂದು ಹೆದರುತ್ತಲೇ ಕೇಳಿದೆ.

"ಬರೀ ರಾಗಿ ಹಾಕ್ಬಿಡಪ್ಪ. ಔಷಧಿ ಹೊಡಿಯೋಕೆ ನಿಂಗೂ ಸಲೀಸು."

ಅದರಲ್ಲಿ ಕೊಂಕಿರಲಿಲ್ಲ. ನನ್ನ ಅನುಕೂಲ ನೋಡಿಯೇ ಹೇಳಿದರು. ಬಿತ್ತುವ ದಿನ ಮಾತ್ರ ಅವರು ಹೊಲಕ್ಕೆ ಬರಲಿಲ್ಲ.