ದೊಡ್ಡಮ್ಮ ಟೀಚರ್ ಕಲಿಸಿದ ಕೈಲೆಕ್ಕ

ಒಂದನೇ ತರಗತಿಯ ಟೀಚರನ್ನು ಮಕ್ಕಳೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಅದೇ ಕೋಣೆ, ಅದೇ ಗಿಡ್ಡ ಬೆಂಚುಗಳು. ಮೂಗು ಒರೆಸುವುದರಿಂದ ಹಿಡಿದು ಕೂಡಿಸುವ ಲೆಕ್ಕದವರೆಗೆ ಎಲ್ಲವೂ ಅವರದೇ. ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ಅವರ ಕೈಯಲ್ಲಿ ಪಳಗಿದ ಮಕ್ಕಳು ಮಾರನೇ ವರ್ಷ ಎರಡನೇ ತರಗತಿಗೆ, ಅಂದರೆ ಹೊಸದಾಗಿ ಸೇರಿದ್ದ ನನ್ನ ಪಾಲಿಗೆ ಬಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನಗಿಂತ ಮೊದಲಿದ್ದವರು ಕಡ್ಡಿ ಹಂಚಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ನಾನು ಕಡ್ಡಿಗಳನ್ನು ಬೀರುವಿಗೆ ಸೇರಿಸಿದೆ.

"ಎಂಟು ಮನಸ್ಸಲ್ಲಿ ಇಟ್ಕೊಳ್ಳಿ. ಐದು ಅಂದ್ರೆ ಒಂದು ಕೈ ಪೂರ್ತಿ. ಎಂಟರ ಮುಂದೆ ಒಂದು ಕೈ ಎಣಿಸಿ, ಎಷ್ಟಾಯ್ತು?"

"ಹನ್ನೆರಡು" ಎಂದು ಮೂವತ್ತೊಂದು ಮಕ್ಕಳೂ ಒಂದೇ ದನಿಯಲ್ಲಿ ಹೇಳಿದವು.

ಹಾಗೇ ಎಣಿಸಿ, ಆರಕ್ಕೆ ಐದು ಕೂಡಿಸಿದರೆ ಹತ್ತು ಎಂದವು. ಏಳಕ್ಕೆ ಐದು ಕೂಡಿಸಿದರೆ ಹನ್ನೊಂದು. ಯಾವುದೋ ಒಂದು ಮಗು ತಪ್ಪಿದರೆ ಸರಿ, ಇಡೀ ತರಗತಿ ಮಾತಾಡಿಕೊಂಡ ಹಾಗೆ ತಪ್ಪಿದರೆ ತಲೆ ಕೆಡದೆ ಇರುತ್ತದೆಯೇ? ಸೀದಾ ಹೆಡ್‌ಮೇಷ್ಟ್ರ ಕೋಣೆಗೆ ಹೋದೆ.

"ದೊಡ್ಡಮ್ಮ ಈ ಮಕ್ಕಳಿಗೆ ಏನೂ ಕಲಿಸಿಲ್ಲ ಸಾರ್."

"ವಯಸ್ಸಾಯ್ತಲ್ಲ, ಪಾಪ. ಸೋಮವಾರದಿಂದ ಲೈಬ್ರರಿ ನೋಡ್ಕೊಳ್ಳಲಿ ಬಿಡಿ" ಎಂದರು ಅವರು.

ಮಧ್ಯಾಹ್ನದೊಳಗೆ ಸುದ್ದಿ ಶಾಲೆಯೆಲ್ಲ ಹರಡಿತ್ತು. ದೊಡ್ಡಮ್ಮ ನನ್ನ ಹತ್ತಿರ ಬಂದರು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವರು ಬೈಯಲಿಲ್ಲ.

"ಮಕ್ಕಳಿಲ್ಲದ ಕೋಣೇಲಿ ನಾನೇನು ಮಾಡ್ಲಮ್ಮ?" ಎಂದಷ್ಟೇ ಕೇಳಿದರು.

ಅವತ್ತು ತಂದಿದ್ದ ಊಟದ ಡಬ್ಬಿಯನ್ನು ಹಾಗೇ ಮನೆಗೆ ವಾಪಸು ಒಯ್ದೆ.

ಮರುದಿನ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಯ ಪಕ್ಕದಲ್ಲೇ ಕೂತು, ಎಂಟರ ಮುಂದೆ ಒಂದು ಕೈ ಎಣಿಸಲು ಹೇಳಿದೆ. ಅವಳು ಬಲಗೈ ಎತ್ತಿದಳು, ಕಿರುಬೆರಳನ್ನು ಮಡಚಿ ಅಂಗೈಗೆ ಒತ್ತಿದಳು, ಉಳಿದ ನಾಲ್ಕನ್ನು ಎಣಿಸಿದಳು.

"ಅದನ್ಯಾಕೆ ಮಡಚಿದೆ?"

"ಬಲಗೈಲಿ ಅದನ್ನ ಎಣಿಸಬಾರ್ದು ಮಿಸ್. ದೊಡ್ಡಮ್ಮನೂ ಎಣಿಸಲ್ಲ."

ನಾನು ನಾಲಿಗೆ ಕಚ್ಚಿಕೊಂಡೆ. ದೊಡ್ಡಮ್ಮನ ಬಲಗೈಯಲ್ಲಿ ಕಿರುಬೆರಳೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಮರದ ಮಿಲ್ಲಿನಲ್ಲಿ ಹೋಗಿತ್ತು. ಐದು ಬೇಕಾದಾಗ ಅವರು ಬಲಗೈಯಲ್ಲಿ ನಾಲ್ಕು ಎಣಿಸಿ, ಇನ್ನೊಂದಕ್ಕೆ ಎಡಗೈಗೆ ಹೋಗುತ್ತಿದ್ದರಂತೆ, ಹುಡುಗಿಯೇ ಎಣಿಸಿ ತೋರಿಸಿದಳು. ಮಕ್ಕಳೂ ಹಾಗೇ ಮಾಡಿ ವರ್ಷವಿಡೀ ಸರಿ ಉತ್ತರ ಹೇಳಿದ್ದವು. ಕೈ ಪೂರ್ತಿ ಅಂದರೆ ಐದು ಎಂದು ಎಡವಟ್ಟು ಮಾಡಿದವಳು ನಾನು.

ದೊಡ್ಡಮ್ಮನಿಗೆ ಹೇಳಿದಾಗ ಅವರು ಬಲಗೈ ಎತ್ತಿ ನೋಡಿಕೊಂಡರು. "ಬೆರಳಿಲ್ಲ ಅನ್ನೋದೇ ನಂಗೆ ಮರೆತುಹೋಗಿತ್ತು ಕಣಮ್ಮ" ಎಂದರು.

ಹೆಡ್‌ಮೇಷ್ಟ್ರಿಗೂ ಎಲ್ಲ ಒಪ್ಪಿಸಿದೆ. "ನಾನು ಉತ್ತರ ನೋಡಿದೆ ಸಾರ್, ಕೈ ನೋಡಲಿಲ್ಲ. ತಪ್ಪು ನಂದು." ಅವರು ಸುಲಭಕ್ಕೆ ಬಗ್ಗುವವರಲ್ಲ. ಶನಿವಾರ ತಾವೇ ಬಂದು ನೋಡುವುದಾಗಿ ಹೇಳಿದರು.

ಅಲ್ಲಿಯವರೆಗೆ ದಿನವೂ ಕೊನೆಯ ಪೀರಿಯಡ್ಡಿಗೆ ದೊಡ್ಡಮ್ಮ ನನ್ನ ತರಗತಿಗೆ ಬಂದರು. ಒಂದು ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅದರ ಕಿರುಬೆರಳನ್ನು ತಮ್ಮ ಬಲಗೈಯ ಖಾಲಿ ಜಾಗಕ್ಕೆ ಹಿಡಿಸಿಕೊಂಡು ಐದು ಎಣಿಸುತ್ತಿದ್ದರು. ಆ ಬೆರಳಾಗಲು ಮಕ್ಕಳಲ್ಲಿ ಜಗಳವೋ ಜಗಳ. ಕೊನೆಗೆ ನಾನೇ ಸರದಿ ಬರೆದು ಗೋಡೆಗೆ ಅಂಟಿಸಬೇಕಾಯಿತು.

ಶನಿವಾರ ಹೆಡ್‌ಮೇಷ್ಟ್ರು ಬಂದು ಎಂಟಕ್ಕೆ ಐದು ಕೇಳಿದರು. ಹದಿಮೂರು ಎಂದವು ಮಕ್ಕಳು. ಆರಕ್ಕೆ ಐದು ಕೇಳಿದರು. ಅದೂ ಸರಿ. ಅವರು ತಲೆಯಾಡಿಸಿದರೇ ಹೊರತು ಲೈಬ್ರರಿಯ ಮಾತೆತ್ತಲಿಲ್ಲ. ಆಗ ಎರಡು ಜಡೆಯವಳು ಎದ್ದು ನಿಂತಳು.

"ಸಾರ್, ದೊಡ್ಡಮ್ಮನ್ನ ಲೈಬ್ರರಿಗೆ ಕಳಿಸ್ತೀರಂತೆ. ಅಲ್ಲಿ ಅವರಿಗೆ ಬೆರಳು ಯಾರು ಕೊಡ್ತಾರೆ?"

ಹೆಡ್‌ಮೇಷ್ಟ್ರು ಅವಳನ್ನು ನೋಡಿದರು, ಗೋಡೆಯ ಮೇಲಿನ ಸರದಿ ಪಟ್ಟಿಯನ್ನು ನೋಡಿದರು.

"ಕೂತ್ಕೋ ಮಗಳೇ. ಯಾರೂ ಎಲ್ಲಿಗೂ ಹೋಗಲ್ಲ" ಎಂದರು.