ಮೊಲದ ಪಾಲಿನ ಕೊತ್ತಂಬರಿ

ಮೊಲ ಸಾಯಬಾರದ ದಿನಗಳನ್ನು ಅಮ್ಮ ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದಳು. ಅಡುಗೆಮನೆಯ ಗೋಡೆಯಲ್ಲಿರುವುದು ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್. ಸೋಮವಾರ ಷಷ್ಠಿ, ಆಗುವುದಿಲ್ಲ. ಮಂಗಳವಾರಕ್ಕೆ ಅದು ಮಂಗಳವಾರ ಎಂಬುದೇ ಸಾಕು. ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು. ಶನಿವಾರ ಸತ್ತವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತಾರೆಂದು ಪಕ್ಕದ ಮನೆಯವರು ಅವಳಿಗೆ ಹೇಳಿದ್ದರು.

"ಮೊಲ ಯಾರನ್ನು ಕರ್ಕೊಂಡು ಹೋದೀತು?" ಎಂದು ನಾನು ತಮಿಳಿನಲ್ಲಿ ಕೇಳಿದೆ.

"ನಿನ್ನನ್ನೇ. ತಂದದ್ದು ನೀನಲ್ವಾ?"

ಭಾನುವಾರ ಡಾಕ್ಟರು ಇರುವುದಿಲ್ಲ. ಬುಧವಾರದ ಹಾಳೆಯನ್ನು ಅಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನೂ ಸಿಗಲಿಲ್ಲ. ಕೊನೆಗೆ, "ಬುಧವಾರ ನಿಂಗೆ ಆಫೀಸುಂಟಲ್ಲ" ಎಂದಳು.

ಮೊಲವನ್ನು ನಾನು ತಂದದ್ದು ನಿಜ. ಒಂಬತ್ತು ವರ್ಷದ ಹಿಂದೆ, ಡಿಗ್ರಿಯ ಮೊದಲ ವರ್ಷದಲ್ಲಿ, ಹಾಸ್ಟೆಲಿನ ಗೆಳತಿಯೊಬ್ಬಳು ಎರಡು ದಿನಕ್ಕೆಂದು ಅದನ್ನು ಚಪ್ಪಲಿಯ ಡಬ್ಬದಲ್ಲಿಟ್ಟು ಕೊಟ್ಟಿದ್ದಳು. ಆಮೇಲೆ ಅವಳಿಗೆ ಮದುವೆಯಾಯಿತು, ಮಗುವಾಯಿತು, ಮಗು ಶಾಲೆಗೆ ಸೇರಿತು. ಎರಡು ದಿನ ಇನ್ನೂ ಮುಗಿದಿರಲಿಲ್ಲ.

ಅದು ಮುದ್ದಾದ ಪ್ರಾಣಿಯೇನೂ ಆಗಿರಲಿಲ್ಲ. ಎತ್ತಿಕೊಂಡರೆ ಒದೆಯುತ್ತಿತ್ತು. ನನ್ನ ಮೂರು ಚಾರ್ಜರುಗಳನ್ನೂ ಪದವಿ ಪತ್ರದ ಒಂದು ಮೂಲೆಯನ್ನೂ ತಿಂದಿತ್ತು. ನನ್ನನ್ನು ನೋಡಲು ಬಂದ ಒಬ್ಬ ವರನ ಹೆಬ್ಬೆರಳನ್ನು ಕಚ್ಚಿತ್ತು. ಆ ಒಂದು ಕೆಲಸಕ್ಕೆ ನಾನು ಅದಕ್ಕೆ ಋಣಿ.

ಅಪ್ಪ ಅದನ್ನು ಗಿರಾಕಿ ಎಂದು ಕರೆಯುತ್ತಿದ್ದರು. ಅವರು ವಡಪಳನಿಯಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಮೂರೂವರೆಗೆ ಮನೆಗೆ ಬರುವಾಗ, ತರಕಾರಿ ಹೆಚ್ಚುವಲ್ಲಿ ಮಿಕ್ಕಿದ ಕೊತ್ತಂಬರಿ, ಕೋಸಿನ ಹೊರ ಎಲೆ, ಕ್ಯಾರೆಟ್ಟಿನ ಸೊಪ್ಪು ಎಲ್ಲವನ್ನೂ ಒಂದು ಚೀಲದಲ್ಲಿ ತರುತ್ತಿದ್ದರು. "ಬಂದ, ಕೊಟ್ಟದ್ದು ತಿಂದ, ಸಾಂಬಾರ್ ತಣ್ಣಗಾಗಿದೆ ಹೇಳ್ಲಿಲ್ಲ. ಇಂಥ ಗಿರಾಕಿ ನಮ್ಮಲ್ಲಿಗೆ ಒಬ್ಬನೂ ಬರುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ತಿಂದ ಮೇಲೆ ಮೊಲ ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. "ಊಟ ಆಯ್ತು, ಈಗ ವೀಳ್ಯ ಹಾಕಿದ್ದಾನೆ" ಎಂದು ಅಪ್ಪ ನಗುತ್ತಿದ್ದರು. ಈಚಿನ ತಿಂಗಳುಗಳಲ್ಲಿ ಆ ಸದ್ದು ಜೋರಾಗಿತ್ತು. ಗಿರಾಕಿ ಬಹಳ ಸಂತೋಷದಲ್ಲಿದ್ದಾನೆಂದು ನಾವು ತಿಳಿದೆವು.

ಅದು ಸಂತೋಷವಲ್ಲ, ನೋವು ಎಂದು ವೇಲಚೇರಿಯ ಡಾಕ್ಟರು ಹೇಳಿದರು. ಮಾತಿಗೆ ಸಕ್ಕರೆ ಬೆರೆಸುವ ಅಭ್ಯಾಸವಿಲ್ಲದ ಹೆಂಗಸು. ಹಲ್ಲಿನ ಬೇರಿನಿಂದ ಕೀವು ದವಡೆಯ ಮೂಳೆಗೆ ಇಳಿದಿತ್ತು. ಹಿಂದಿನ ವರ್ಷಗಳಲ್ಲಿ ಮೂರು ಸಲ ಅರಿವಳಿಕೆ ಕೊಟ್ಟು, ಉದ್ದ ಬೆಳೆದ ಹಲ್ಲುಗಳನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದ್ದರು. ನಾಲ್ಕನೆಯ ಸಲ ಮಲಗಿಸಿದರೆ ಏಳುವ ಭರವಸೆ ಇರಲಿಲ್ಲ, ಎದ್ದರೂ ಮೂಳೆ ಸರಿಯಾಗುತ್ತಿರಲಿಲ್ಲ.

"ಮೊಲ ನೋವು ತೋರಿಸಲ್ಲಮ್ಮಾ" ಎಂದರು ಅವರು ತಮಿಳಿನಲ್ಲಿ. "ತೋರಿಸಿದರೆ ಯಾರಾದರೂ ಹಿಡಿದು ತಿಂದುಬಿಡ್ತಾರೆ ಅಂತ ಅದರ ಎಣಿಕೆ. ನೀವು ಇಡ್ಲಿ ತಿನ್ನೋ ಜನ ಅಂತ ಅದಕ್ಕೇನು ಗೊತ್ತು?"

ಆ ಸ್ವಭಾವ ನನಗೆ ಅಪರಿಚಿತವಾಗಿರಲಿಲ್ಲ.

ಅವರು ನೋವಿನ ಔಷಧ ಬರೆದುಕೊಟ್ಟರು. ತಾನಾಗಿ ತಿನ್ನುತ್ತಿರುವವರೆಗೆ ನೋಡಿ. ತಿನ್ನುವುದು ನಿಲ್ಲಿಸಿದ ದಿನ ಕರೆತನ್ನಿ, ಇಂಜೆಕ್ಷನ್ ಕೊಟ್ಟು ಕಳಿಸೋಣ. "ಅದೇ ದಿನ. ಮಾರನೇ ದಿನ ಅಲ್ಲ."

ದಯಾಮರಣ ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಳಸಲಿಲ್ಲ. ಅದು ಪತ್ರಿಕೆಯ ಪದ. ನಾವು 'ಅದು' ಎಂದೆವು.

ಡಾಕ್ಟರ ಷರತ್ತು ಅಪ್ಪನಿಗೆ ತಕ್ಷಣ ಒಪ್ಪಿಗೆಯಾಯಿತು. ಉಣ್ಣುತ್ತಿರುವವರನ್ನು ಎಲೆಯ ಮುಂದಿನಿಂದ ಎಬ್ಬಿಸುವುದು ನಮ್ಮಲ್ಲಿ ಇಲ್ಲ. ಬಾಗಿಲಿಗೆ ಯಾರು ಬಂದರೂ ಕಾಯಬೇಕು, ಕೆಟ್ಟ ಸುದ್ದಿಯೂ ಕಾಯಬೇಕು. ಊರಿನಲ್ಲಿ ಅಜ್ಜ ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ಅಮ್ಮ ಫೋನಿಟ್ಟು ಬಂದು ಸಾರು ಬಡಿಸಿದಳು, ಪಲ್ಯ ಬಡಿಸಿದಳು. ಅಪ್ಪ ಅಂದು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡದ್ದರಿಂದ ಅಜ್ಜ ಇನ್ನೂ ಹತ್ತು ನಿಮಿಷ ಹೆಚ್ಚು ಬದುಕಿದರು.

"ತಿಂತಾ ಇರುವವನನ್ನು ಎಬ್ಬಿಸ್ಲಿಕ್ಕಿಲ್ಲ" ಎಂದರು ಅಪ್ಪ. "ಸಾಕು ಅಂತ ಅವನೇ ಹೇಳ್ಲಿ."

ಹೀಗೆ ತೀರ್ಮಾನವನ್ನು ಮೊಲಕ್ಕೇ ಬಿಟ್ಟೆವು. ಅದು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದು. ನಾನು ಜೀವವಿಮೆಯ ಆಫೀಸಿನಲ್ಲಿ, ಯಾರು ಎಷ್ಟು ವರ್ಷ ಬದುಕಬಹುದು ಎಂದು ಅಂದಾಜು ಮಾಡುವವಳು. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದೆ: ಇಟ್ಟದ್ದು, ಬಿಟ್ಟದ್ದು, ಹಿಕ್ಕೆ. ಹಿಕ್ಕೆಗಳನ್ನು ಪ್ರತಿ ಸಂಜೆ ಎಣಿಸುತ್ತಿದ್ದೆ. ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಮೊದಲ ವಾರ ಮೊಲ ತಿಂದಿತು. ಎರಡನೆಯ ವಾರವೂ ಪ್ರತಿ ಸಂಜೆ ನಾನು ನೋಡುವಷ್ಟರಲ್ಲಿ ಅದರ ತಟ್ಟೆ ಖಾಲಿಯಾಗಿರುತ್ತಿತ್ತು. 'ಬಿಟ್ಟದ್ದು' ಎಂಬ ಅಂಕಣದಲ್ಲಿ ಸೊನ್ನೆಯ ಕೆಳಗೆ ಸೊನ್ನೆ ಬರೆದೆ. ಆದರೆ ಹಿಕ್ಕೆಗಳು ಕಡಿಮೆಯಾಗುತ್ತಿದ್ದವು, ಸಾಸಿವೆಯಷ್ಟು ಸಣ್ಣವಾಗಿದ್ದವು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಬೇರೆ ಯಾರದಾದರೂ ಕಾಗದವಾಗಿದ್ದರೆ ನಾನು ಅದಕ್ಕೆ ಕೆಂಪು ಗುರುತು ಹಾಕಿ ಹಿಂದಕ್ಕೆ ಕಳಿಸುತ್ತಿದ್ದೆ. ಇದು ನನ್ನದು. ಪುಟ ತಿರುಗಿಸಿದೆ.

ಆ ವಾರವೇ ಮನೆಯ ಅಡುಗೆ ಹಸಿರಾಗತೊಡಗಿತು. ಭಾನುವಾರ ದೋಸೆಗೆ ಕೊತ್ತಂಬರಿ ಚಟ್ನಿ. ಸೋಮವಾರ ಕೊತ್ತಂಬರಿ ಅನ್ನ. ಮಂಗಳವಾರ ಅಗಿದಷ್ಟೂ ಮುಗಿಯದ ಕೋಸಿನ ಪಲ್ಯ, ಜೊತೆಗೆ ಮತ್ತೆ ಚಟ್ನಿ. ಅಪ್ಪ ಬೆರಳು ನೆಕ್ಕಿ, "ನಮ್ಮ ಹೋಟೆಲಿನದ್ದಕ್ಕಿಂತ ಲಾಯ್ಕುಂಟು" ಎಂದರು. ಅಮ್ಮ ತಲೆ ಎತ್ತಲಿಲ್ಲ.

ಬುಧವಾರ ತಲೆನೋವೆಂದು ನಾನು ಹನ್ನೊಂದು ಗಂಟೆಗೇ ಮನೆಗೆ ಬಂದೆ. ನನ್ನ ಕೀಲಿಯಿಂದಲೇ ಬಾಗಿಲು ತೆಗೆದೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮೊಲದ ತಟ್ಟೆ. ಅದರಲ್ಲಿ ಬೆಳಿಗ್ಗೆ ನಾನಿಟ್ಟ ಕೊತ್ತಂಬರಿ ಇಟ್ಟ ಹಾಗೆಯೇ ಇತ್ತು. ಅವಳು ಅದನ್ನು ಬಿಡಿಸಿ ಬಿಡಿಸಿ ಮಿಕ್ಸಿಯ ಜಾರಿಗೆ ಹಾಕುತ್ತಿದ್ದಳು. ಮೊಲ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಕೂತು ಹಲ್ಲು ಕಡಿಯುತ್ತಿತ್ತು.

ನಾನು ಜಾರನ್ನು ನೋಡಿದೆ. ಅಮ್ಮ ಜಾರಿಗೆ ಮುಚ್ಚಳ ಹಾಕಿದಳು, ಅದರಿಂದ ಏನೋ ಉಪಯೋಗವಿದೆ ಎಂಬಂತೆ.

"ಎಷ್ಟು ದಿನದಿಂದ?"

"ಭಾನುವಾರದಿಂದ. ಪೂರ್ತಿ ಬಿಟ್ಟಿಲ್ಲ. ಭಾನುವಾರ ಎರಡು ಎಲೆ ತಿಂದಿತ್ತು. ಹಿಟ್ಟು ಕಲಸಿ ಡ್ರಾಪರಿನಲ್ಲಿ ಬಾಯಿಗೆ ಬಿಡ್ತಾ ಇದ್ದೇನೆ, ಸ್ವಲ್ಪ ನುಂಗ್ತದೆ."

"ತಾನಾಗಿ ತಿನ್ನಬೇಕು ಅಂತ ಡಾಕ್ಟ್ರು ಹೇಳಿದ್ದು."

"ಗೊತ್ತುಂಟು."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪುಸ್ತಕದಲ್ಲಿ ಬರೀತೀ. ಬರೆದದ್ದನ್ನು ನೀನು ಅಳಿಸುದಿಲ್ಲ." ಅಮ್ಮ ಮಡಿಲಿನ ತಟ್ಟೆಯನ್ನು ಕೆಳಗಿಟ್ಟಳು. "ಮೂವತ್ತು ವರ್ಷ ಆಯ್ತು ಈ ಊರಿಗೆ ಬಂದು. ನಾನು ಕನ್ನಡದಲ್ಲಿ ಕೇಳಿದ್ರೆ ನಿಂದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ. ಇದೊಂದು ಎದುರುತ್ತರ ಕೊಡದೆ ಕೇಳ್ತಿತ್ತು."

ಇದಕ್ಕೆ ಹೇಳಬಹುದಾದದ್ದು ನನ್ನ ಬಾಯಿಗೆ ತಮಿಳಿನಲ್ಲೇ ಬಂತು. ಹಾಗಾಗಿ ಹೇಳಲಿಲ್ಲ. ಅವಳ ಮೇಲೆ ಸಿಟ್ಟು ಮಾಡುವಷ್ಟು ಧೈರ್ಯವೂ ನನಗಿರಲಿಲ್ಲ. ಅವಳು ತಟ್ಟೆ ಖಾಲಿ ಮಾಡಿದ್ದಳು. ಹಿಕ್ಕೆ ಎಣಿಸಿಯೂ ಸುಮ್ಮನಿದ್ದವಳು ನಾನು. ಮೊಲಕ್ಕೆ ಮೂರು ದಿನದ ನೋವನ್ನು ನಾವಿಬ್ಬರೂ ಸೇರಿಯೇ ಕೊಟ್ಟಿದ್ದೆವು.

ಡಾಕ್ಟರಿಗೆ ಫೋನು ಮಾಡಿದೆ. ಐದು ಗಂಟೆಗೆ ಬನ್ನಿ ಎಂದರು. ಮೊಲಕ್ಕೆ ಔಷಧ ಕೊಟ್ಟು, ಅಪ್ಪ ಬರುವವರೆಗೆ ಅದರ ಬಳಿ ಕೂತೆವು. ಅಮ್ಮ ಒಮ್ಮೆ ಕ್ಯಾಲೆಂಡರಿನತ್ತ ನೋಡಿದಳು. "ಇವತ್ತು ಬುಧವಾರ ಅಲ್ವಾ" ಎಂದಳು. ಅವಳ ಒಪ್ಪಿಗೆ ಅಷ್ಟೇ.

ಮೂರೂವರೆಗೆ ಅಪ್ಪ ಚೀಲ ಹಿಡಿದು ಬಂದರು. ನಾನು ವಿಷಯ ಹೇಳಿದೆ, ಚಟ್ನಿಯನ್ನೂ ಸೇರಿಸಿ. ಅವರು ಕೈ ತೊಳೆದು ಬಂದು ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಳೆಯ ಕೊತ್ತಂಬರಿಯ ಒಂದು ಕಡ್ಡಿ ಹಿಡಿದರು. ಮೊಲ ಮೂಸಿ ಮುಖ ತಿರುಗಿಸಿತು. ಕ್ಯಾರೆಟ್ಟಿನ ತುಂಡು, ಆಮೇಲೆ ಬಾಳೆಹಣ್ಣಿನ ಚೂರು. ಬಾಳೆಹಣ್ಣಿಗಾಗಿ ಅದು ಹಿಂದೊಮ್ಮೆ ಅಪ್ಪನ ಪಂಚೆ ಹರಿದಿತ್ತು. ಈಗ ಗಲ್ಲವನ್ನು ಎದೆಗೆ ಒತ್ತಿಕೊಂಡಿತು. ಹೋಟೆಲಿನಲ್ಲಿ ಮೇಜು ಮೇಜು ಸುತ್ತುವಾಗ ಗಿರಾಕಿಗಳ ಎಲೆ ನೋಡುವ ಹಾಗೆ ಅಪ್ಪ ಅದನ್ನು ನೋಡಿದರು. ಯಾರಿಗೆ ಇನ್ನೂ ಬೇಕು, ಯಾರಿಗೆ ಬೇಡವೆಂದು ಹೇಳಲು ಸಂಕೋಚ ಎಂದು ಕೇಳದೆಯೇ ತಿಳಿಯುವುದು ಅವರ ಕೆಲಸ.

"ಇವ ಎಲೆ ಮಡಚಿ ಆಗಿದೆ" ಎಂದರು. "ಮಡಚಿದ ಎಲೆ ಮೇಲೆ ನಾವು ಬಡಿಸ್ತಾ ಇದ್ದೇವೆ, ಅಷ್ಟೇ." ಆಮೇಲೆ ಅಮ್ಮನತ್ತ ತಿರುಗಿ, "ಸೊಪ್ಪು ತೊಳೆದಿದ್ದೆಯಾ?"

"ಎರಡು ಸಲ."

"ಲಾಯ್ಕಿತ್ತು ಚಟ್ನಿ."

ಹೋಟೆಲಿನ ತರಕಾರಿ ಕ್ರೇಟಿನಲ್ಲಿ ಅಮ್ಮನ ಹಳೆಯ ಸೀರೆ ಹಾಸಿ ಮೊಲವನ್ನು ಕೂರಿಸಿದೆವು. ಆಟೋದವರು ತಿರುಗಿ ನೋಡಿ, ಬೆಕ್ಕೇ ಎಂದು ಕೇಳಿದರು. "ಮುಯಲ್" ಎಂದರು ಅಪ್ಪ, ಮೊಲ ಎಂದು.

"ಓ, ಬಿರಿಯಾನಿಗಾ ಸಾರ್?"

"ಇಲ್ಲಪ್ಪಾ, ಡಾಕ್ಟರ್ ಹತ್ರ. ಇಂಜೆಕ್ಷನ್ ಹಾಕಿ ಕಳಿಸ್ಲಿಕ್ಕೆ" ಎಂದಳು ಅಮ್ಮ, ಅವಳ ತಮಿಳಿನಲ್ಲಿ. ಆಟೋದವರು ಆಮೇಲೆ ವೇಲಚೇರಿಯವರೆಗೆ ಪ್ರತಿ ಉಬ್ಬಿನಲ್ಲೂ ಬಸುರಿಯನ್ನು ಕೂರಿಸಿಕೊಂಡವರ ಹಾಗೆ ನಿಧಾನ ಮಾಡಿದರು.

ಡಾಕ್ಟರು ಮೊದಲೇ ಎಲ್ಲವನ್ನೂ ವಿವರಿಸಿದರು. ಮೊದಲನೆಯ ಇಂಜೆಕ್ಷನ್ ನಿದ್ದೆಗೆ. ಪೂರ್ತಿ ನಿದ್ದೆ ಹತ್ತಿದ್ದು ಖಾತ್ರಿಯಾದ ಮೇಲೆ ಎರಡನೆಯದು, ಕಿವಿಯ ನರಕ್ಕೆ. ಎರಡನೆಯದು ಅದಕ್ಕೆ ತಿಳಿಯುವುದಿಲ್ಲ. ಹೊರಗೆ ನಿಲ್ಲುವವರು ನಿಲ್ಲಬಹುದು ಎಂದರು. ಯಾರೂ ಹೋಗಲಿಲ್ಲ.

"ಕನಸು ಬೀಳ್ತದಾ ಅದಕ್ಕೆ?" ಎಂದು ಅಮ್ಮ ತಮಿಳಿನಲ್ಲಿ ಕೇಳಿದಳು.

"ಬಿದ್ದರೆ ಒಳ್ಳೇದೇ ಬೀಳತ್ತೆ. ಒಳ್ಳೇ ಔಷಧಮ್ಮಾ. ನನ್ನ ಹಲ್ಲು ಕೀಳುವಾಗ ಯಾರೂ ಇಂಥದ್ದು ಕೊಡಲಿಲ್ಲ."

ಸೂಜಿ ಚುಚ್ಚಿದಾಗ ಮೊಲ ಒಮ್ಮೆ ಒದೆಯಿತು. ಅದರ ಹಳೆಯ ಸ್ವಭಾವ ಕಂಡು ನನಗೆ ಸಮಾಧಾನವಾಯಿತು. ನಾನು ಅದರ ಹಣೆಯ ಮೇಲೆ ಬೆರಳಿಟ್ಟೆ. ಎಚ್ಚರವಿದ್ದಾಗ ಅದು ಒಪ್ಪುತ್ತಿದ್ದ ಒಂದೇ ಜಾಗ. ಕೆಲವು ನಿಮಿಷಗಳಲ್ಲಿ ತಲೆ ಸೀರೆಯ ಮೇಲೆ ಇಳಿಯಿತು, ದವಡೆ ಸಡಿಲವಾಯಿತು. ಹಲ್ಲು ಕಡಿಯುವ ಸದ್ದು ನಿಂತಿತು. ಅದು ನಿಂತ ಮೇಲೆಯೇ, ತಿಂಗಳುಗಳಿಂದ ನಾವು ಆ ಸದ್ದಿನ ಜೊತೆ ಉಂಡು ಮಲಗಿ ಎದ್ದಿದ್ದೆವು ಎಂಬುದು ನನಗೆ ತಿಳಿದದ್ದು.

ಡಾಕ್ಟರು ಎರಡನೆಯ ಸಿರಿಂಜ್ ಎತ್ತಿಕೊಂಡರು. ಅಷ್ಟರಲ್ಲಿ ಅಪ್ಪ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಜಿನ ಮೇಲೆ ಸ್ವಲ್ಪ ಬಾಗಿದರು.

"ಸಾಕಾ? ಇನ್ನೆಂತಾದ್ರೂ ಬೇಕಾ?"

ಡಾಕ್ಟರಿಗೆ ಕನ್ನಡ ಬಾರದು. ಅದು ಯಾವುದೋ ಮಂತ್ರವೆಂದುಕೊಂಡು, ಮುಗಿಯುವವರೆಗೆ ಗೌರವದಿಂದ ಕಾದರು.

ಫ್ಲ್ಯಾಟಿನಲ್ಲಿರುವವರಿಗೆ ಹೂಳಲು ನೆಲವಿಲ್ಲ. ಅದನ್ನು ಕ್ಲಿನಿಕ್ಕಿನವರೇ ನೋಡಿಕೊಂಡರು. ಖಾಲಿ ಕ್ರೇಟನ್ನು ಅಪ್ಪ ಹೋಟೆಲಿಗೆ ಒಯ್ದರು. ಮನೆಗೆ ಬಂದು ನಾನು ನೋಟ್‌ಬುಕ್ ತೆಗೆದೆ. ಭಾನುವಾರದಿಂದ ಬರೆದ ಸೊನ್ನೆಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಎಲ್ಲ' ಎಂದು ತಿದ್ದಿದೆ. ಅಮ್ಮ ಹಿಂದೆ ನಿಂತು ನೋಡುತ್ತಿದ್ದಳು.

ಮಾರನೇ ದಿನ ನಾನು ರಜೆ ಹಾಕಿದ್ದೆ. ಮೂರೂವರೆಗೆ ಅಪ್ಪ ಚೀಲ ಹಿಡಿದು ಬಂದರು. ಬಾಗಿಲಲ್ಲಿ ನಿಂತ ಮೇಲೆಯೇ ಅದು ತಮ್ಮ ಕೈಯಲ್ಲಿರುವುದು ಅವರ ಗಮನಕ್ಕೆ ಬಂದಂತಿತ್ತು. ಅಮ್ಮ ಅದನ್ನು ತೆಗೆದುಕೊಂಡು ಒಳಗೆ ಹೋದಳು. ಆ ಸಂಜೆ ದೋಸೆಗೆ ಚಟ್ನಿ ಬಂತು.

"ಹೇಗುಂಟು?" ಎಂದು ಕೇಳಿದಳು.

"ಲಾಯ್ಕುಂಟು" ಎಂದೆ, ಕನ್ನಡದಲ್ಲಿ.

"ಇವತ್ತು ಒಂದೇ ಸಲ ತೊಳೆದದ್ದು" ಎಂದಳು ಅಮ್ಮ, ಇನ್ನೊಂದು ದೋಸೆ ಹಾಕುತ್ತಾ.